ಹೀರೇಕಾಯಿಯ ಫಸ್ಟ್ ಶೋ!

'ಬಂಗಾರದ ಮನುಷ್ಯ' ತೆರೆಗೆ ಬಂದದ್ದು 1972ರಲ್ಲಿ. ಬೆಂಗಳೂರಿನ ಸ್ಟೇಟ್ಸ್ ಚಿತ್ರಮಂದಿರದಲ್ಲಿ ಎರಡು ವರ್ಷ ಓಡಿತು. ರಾಜ್ ಅವರ ರಾಜೀವನನ್ನು ನೋಡಿ ಪಟ್ಟಣ ಬಿಟ್ಟು ಹಳ್ಳಿಗೆ ವಾಪಸ್ಸಾದ ಹುಡುಗರ ಕಥೆಯನ್ನು ಹಿರಿಯರು ಈಗಲೂ ಹೇಳುತ್ತಾರೆ. ನಾನೂ ಏಳು ಸಲ ನೋಡಿದ್ದೇನೆ, ಮಿತ್ರರೇ! ಆದರೆ ಒಂದು ಬದನೆ ಸಸಿಯನ್ನೂ ನೆಟ್ಟವನಲ್ಲ. ಹಾಗಂತ ಮುಖದ ಮೇಲೆ ಹೇಳಿದವಳು ಬೂವನಹಳ್ಳಿಯ ನಮ್ಮ ದೊಡ್ಡವ್ವ.

ಬೂವನಹಳ್ಳಿ ಗೊತ್ತಲ್ಲ? ಹಾಸನದ ಮಗ್ಗುಲು. ವಿಮಾನ ನಿಲ್ದಾಣದ ಸುದ್ದಿಯಲ್ಲಿ ಹೆಸರು ಕೇಳಿರುತ್ತೀರಿ. ನಾನು ಹೋದದ್ದು ಕೆಂಪು ಬಸ್ಸಿನಲ್ಲಿ, ಶ್ರಾವಣದ ಒಂದು ಸಂಜೆ, ಹಸಿದ ಹೊಟ್ಟೆಯಲ್ಲಿ.

ಈ ಸೀಮೆಯ ಹೀರೋ ಆಲೂಗಡ್ಡೆ. ದೂರದ ಜಲಂಧರದಿಂದ ಬಿತ್ತನೆ ಗಡ್ಡೆ ಲಾರಿಗಟ್ಟಲೆ ಹಾಸನದ ಎ.ಪಿ.ಎಂ.ಸಿ.ಗೆ ಬಂದಿಳಿಯುತ್ತದೆ. ಮೇ ತಿಂಗಳ ಮಳೆ ನೋಡಿಕೊಂಡು ನೆಡುತ್ತಾರೆ. ಕಾಸು ಬಂದರೆ ಬಂತು. ಮೋಡ ಮುಸುಕಿ ಜಡಿಮಳೆ ಹಿಡಿಯಿತೋ, ಖಳನಾಯಕನ ಪ್ರವೇಶ... ಅಂಗಮಾರಿ! ಎಲೆ ಕಪ್ಪಾಗಿ, ನೋಡನೋಡುತ್ತಾ ಹೊಲವೇ ಸುಟ್ಟ ಹಾಗೆ ಕಾಣುತ್ತದೆ. ಇವನು ಲೋಕಲ್ ವಿಲನ್ ಅಂದುಕೊಳ್ಳಬೇಡಿ. 1845ರಲ್ಲಿ ಐರ್ಲೆಂಡಿನ ಆಲೂಗಡ್ಡೆಗೆ ಬಿದ್ದದ್ದು ಇದೇ ರೋಗ. ಆಮೇಲಿನ ಕ್ಷಾಮದಲ್ಲಿ ಸುಮಾರು ಹತ್ತು ಲಕ್ಷ ಜನ ಸತ್ತರು.

ದೊಡ್ಡವ್ವನ ಹೊಲಕ್ಕೂ ಒಂದು ವರ್ಷ ಬಂದಿದ್ದ. "ಗಡ್ಡೆ ಕೊಳೀತು, ಬೀಜದ ಸಾಲ ಉಳೀತು ಕಣ್ಲಾ ಮಗ. ಆರು ತಿಂಗ್ಳು ತರಕಾರಿ ಅಂತ ಸಂತೆ ಕಡೆ ತಲೆ ಹಾಕ್ಲಿಲ್ಲ. ಈ ಹಿತ್ಲೇ ಸಾಕ್ತು," ಅಂದಳು.

ಆ ಹಿತ್ತಲೋ, ಎರಡು ಎತ್ತಿನ ಗಾಡಿ ನಿಲ್ಲಿಸಿದರೆ ತುಂಬಿಹೋಗುವಷ್ಟು! ಅದರಲ್ಲೇ ನುಗ್ಗೆ ಮರ, ನಾಲ್ಕು ಬದನೆ, ದಂಟು ಸೊಪ್ಪು, ಬಚ್ಚಲ ನೀರು ಹೋಗುವ ಕಡೆ ಬಾಳೆ. ಚಪ್ಪರದ ಒಂದು ಕಡೆ ಅವರೆ. ಹಳೇ ನಾಟಿ ಅವರೆ ಬಲು ಬಿಗುಮಾನದ್ದು, ಎಷ್ಟು ಬೇಗ ಬಿತ್ತಿದರೂ ಹಗಲು ಗಿಡ್ಡವಾಗುವ ತನಕ ಹೂ ಬಿಡುವುದಿಲ್ಲ. ಬಳ್ಳಿಗೆ ಹೇನು ಹತ್ತಿದರೆ ಒಲೆ ಬೂದಿ ಎರಚುತ್ತಾಳೆ.

ಚಪ್ಪರದ ಇನ್ನೊಂದು ಕಡೆ ನನ್ನ ಮೆಚ್ಚಿನ ನಾಯಕಿ, ಹೀರೆ. ಬೇರೆ ಎಷ್ಟೋ ಹೂಗಳು ಬೆಳಿಗ್ಗೆ ಅರಳಿದರೆ ಇವಳದು ಸಂಜೆ! ಸೂರ್ಯ ಇಳಿಯುತ್ತಿದ್ದಂತೆ ಹಳದಿ ಹೂ ಒಂದೊಂದೇ ಬಿಚ್ಚಿಕೊಳ್ಳುತ್ತವೆ, ಥೇಟ್ ಫಸ್ಟ್ ಶೋ ಟೈಮಿಗೆ. ಗೊಂಚಲಲ್ಲಿ ಮೊದಲು ಬರುವುದು ಗಂಡು ಹೂ. ಅವು ಉದುರಿದವೆಂದು ಎದೆ ಒಡೆದುಕೊಳ್ಳಬೇಡಿ. ಹೆಣ್ಣು ಹೂ ತಡವಾಗಿ, ಒಂಟಿಯಾಗಿ ಬರುತ್ತದೆ, ಬೆನ್ನಿಗೆ ಕಡ್ಡಿಯಷ್ಟು ಪುಟ್ಟ ಕಾಯಿ ಇಟ್ಟುಕೊಂಡು. ಆ ಕಾಯಿ ಹಳದಿಯಾಗಿ ಬಿದ್ದುಹೋಗುತ್ತಿದ್ದರೆ ಸಂಜೆ ಹೊತ್ತು ಗಂಡು ಹೂ ಕಿತ್ತು ಹೆಣ್ಣು ಹೂವಿಗೆ ಮೆತ್ತಗೆ ಸವರಬೇಕು. ಬಿತ್ತಿ ಎರಡು ತಿಂಗಳೊಳಗೆ ಕಾಯಿ ಕೈಗೆ ಬರುತ್ತದೆ. ಎಳೆಯದರಲ್ಲೇ ಕೀಳಬೇಕು, ತಡವಾದರೆ ಬರೀ ನಾರು.

ರಾತ್ರಿ ಊಟಕ್ಕೆ ಮುದ್ದೆ, ದಂಟು ಸೊಪ್ಪಿನ ಬಸ್ಸಾರು, ಹೀರೇಕಾಯಿ ಪಲ್ಯ, ಅದರದೇ ಸಿಪ್ಪೆಯ ಚಟ್ನಿ. ನಾನು ಎರಡನೇ ಮುದ್ದೆಗೆ ಕೈ ಹಾಕಿದ್ದು ನಿಜ, ಒಪ್ಪಿಕೊಳ್ಳುತ್ತೇನೆ. ಉಣ್ಣುತ್ತಾ ಲೀಲಾವತಿಯವರ ಮಾತು ತೆಗೆದೆ. ನೆಲಮಂಗಲದ ಹತ್ತಿರ ಸೋಲದೇವನಹಳ್ಳಿಯಲ್ಲಿ ಮಗ ವಿನೋದ್ ರಾಜ್ ಜೊತೆ ತೋಟ ಮಾಡಿಕೊಂಡಿದ್ದರು, 2023ರ ಡಿಸೆಂಬರಿನಲ್ಲಿ ತೀರಿಕೊಂಡರು ಎಂದೆ. "ಭಕ್ತ ಕುಂಬಾರದಾಗೆ ಮಗೀಗೆ ಅತ್ತಳಲ್ಲ, ಆ ವಮ್ಮನಾ? ಮಣ್ಣು ಗೊತ್ತಿದ್ದೋಳು," ಎಂದು ಇನ್ನಷ್ಟು ಸಾರು ಬಡಿಸಿದಳು.

ಆದರೆ ಆ ಮನೆಯಲ್ಲಿ ಇನ್ನೊಂದು ಸಿನಿಮಾ ನಡೆಯುತ್ತಿದೆ. ದೊಡ್ಡವ್ವನ ಮಗ, ಅಂದರೆ ನನ್ನಣ್ಣ, ಹಿತ್ತಲಲ್ಲಿ ಎರಡು ರೂಮು ಎಬ್ಬಿಸಬೇಕೆಂದಿದ್ದಾನೆ. ವಿಮಾನ ಬಂದರೆ ಬಾಡಿಗೆಗೆ ಜನ ಬರುತ್ತಾರೆಂಬ ಲೆಕ್ಕ. ಅವನದೂ ತಪ್ಪಲ್ಲ. ಇಬ್ಬರು ಮಕ್ಕಳ ಶಾಲೆ ಫೀಸು ಹೀರೇಕಾಯಿಂದ ಹುಟ್ಟೀತೆ? "ನೀನಾದ್ರೂ ಹೇಳೋ, ಅವ್ವ ನನ್ನ ಮಾತು ಕೇಳಲ್ಲ," ಅಂದ. ನನ್ನ ಬಾಯಲ್ಲಿ ಮುದ್ದೆ ಇತ್ತು.

"ಕಟ್ಲಾ, ಯಾರು ಬೇಡ ಅಂದೋರು? ನುಗ್ಗೆ ಮರ ಎಲ್ಲಿಗೆ ಎತ್ತಿಡ್ತೀಯ ಅಷ್ಟು ಹೇಳು," ಅಂದಳು ದೊಡ್ಡವ್ವ. ಅಣ್ಣ ಎದ್ದು ಹೊರಗೆ ಹೋದ.

ಬೆಳಿಗ್ಗೆ ಹೊರಡುವಾಗ ಒಣಗಿದ ಹೀರೇಕಾಯಿಯೊಂದನ್ನು ಒಡೆದು, ಕರಿ ಬೀಜವನ್ನು ಕಾಗದದಲ್ಲಿ ಕಟ್ಟಿಕೊಟ್ಟಳು. ರಾತ್ರಿ ನೆನೆಸಿ, ಕೊಟ್ಟಿಗೆ ಗೊಬ್ಬರ ಬೆರೆಸಿದ ಮಣ್ಣಿಗೆ ಗುಳಿಗೆರಡು ಹಾಕಬೇಕಂತೆ. ಬಾಡಿಗೆ ರೂಮಿನ ತಾರಸಿಯಲ್ಲಿ ಎರಡು ಎಣ್ಣೆ ಡಬ್ಬ ತೂತು ಮಾಡಿ ಇಟ್ಟಿದ್ದೇನೆ. ಮೊಳಕೆ ಬಂದಿದೆ.

ಅಂದ ಹಾಗೆ, ರೂಮಿನ ಅಳತೆಗೆಂದು ಅಣ್ಣ ಹಿತ್ತಲಲ್ಲಿ ನಾಲ್ಕು ಗೂಟ ಹೊಡೆದಿದ್ದ. ನಾನು ಹೊರಟಾಗ ಅದರಲ್ಲೊಂದಕ್ಕೆ ಹೀರೆ ಬಳ್ಳಿ ಸುತ್ತಿಕೊಂಡಿತ್ತು. ಅದಾಗಿ ಹತ್ತಿತೋ, ದೊಡ್ಡವ್ವ ಹಬ್ಬಿಸಿದಳೋ, ಕೇಳಲಿಲ್ಲ.