ಕಳ್ಳ ಆಪ್ ಹೋಯಿತು, ನೆಟ್ ಎಲ್ಲಿ ಹೋಯಿತು?



ನಮ್ಮ ರಾಂಪುರ ಮೊಳಕಾಲ್ಮುರು ತಾಲ್ಲೂಕಿನ ಊರು. ಬಳ್ಳಾರಿಗೆ ಹೋಗುವ ದೊಡ್ಡ ರಸ್ತೆ ಇಲ್ಲೇ ಹಾದು ಹೋಗುತ್ತದೆ. ಸುತ್ತಮುತ್ತ ಶೇಂಗಾ ಹೊಲ. ಹಿಂದೆ ದೂರದ ಸುದ್ದಿ ಬೇಕೆಂದರೆ ಕಾಗದ ಬರಬೇಕಿತ್ತು. ಈಗ ನಮ್ಮ ಕೈಗೇ ಫೋನು ಬಂದಿದೆ. ಶೇಂಗಾ ರೇಟು ಫೋನಿನಲ್ಲಿ. ಸಂಘದ ಲೆಕ್ಕ ಫೋನಿನಲ್ಲಿ. ಬೆಂಗಳೂರಿನಲ್ಲಿ ದುಡಿಯುವ ಮಗನ ಮುಖವೂ ಫೋನಿನಲ್ಲಿ.

ಇಂಥ ಫೋನಿಗೆ ಒಂದು ಕಳ್ಳ ಆಪ್ ಸೇರಿಕೊಂಡಿತು ಅನ್ನಿ. ಯಾರೋ ತಿಳಿದವರು ಅದನ್ನು ಹುಡುಕಿ ತೆಗೆದರು. ಫೋನು ಶುಚಿಯಾಯಿತು. ಆದರೆ ನೆಟ್ ನಿಂತು ಹೋಯಿತು!

"ಅಯ್ಯೋ, ಫೋನು ಕೆಟ್ಟೇ ಹೋಯ್ತು ಕಣಕ್ಕ" ಅಂತ ನಾವು ಗಾಬರಿ ಬೀಳುತ್ತೇವೆ. ಗಾಬರಿ ಬೇಡ. ಫೋನು ಕೆಟ್ಟಿಲ್ಲ. ನೆಟ್ ಬರುವ ದಾರಿ ಮಾತ್ರ ತಪ್ಪಿದೆ. ದಾರಿಯನ್ನು ಸರಿ ಮಾಡಬಹುದು. ಹೇಗೆ? ಅದನ್ನು ತಿಳಿಯೋಣ.

ಕಳ್ಳ ಆಪ್ ಎಂದರೇನು?

ನಮಗೆ ಗೊತ್ತಿಲ್ಲದೆ ನಮ್ಮ ಫೋನಿನೊಳಗೆ ಕೂತು, ನಮ್ಮ ವಿಷಯವನ್ನು ಕದ್ದು ಬೇರೆಯವರಿಗೆ ಕಳಿಸುವುದೇ ಕಳ್ಳ ಆಪ್. ಇಂಗ್ಲಿಷಿನಲ್ಲಿ ಇದಕ್ಕೆ ಸ್ಪೈವೇರ್ ಎನ್ನುತ್ತಾರೆ. ನಮಗೆ ಬಂದ ಮೆಸೇಜು ಅದು ಓದುತ್ತದೆ. ಬ್ಯಾಂಕಿನ ಓಟಿಪಿ ಕದಿಯುತ್ತದೆ.

ಇದು ಒಳಗೆ ಬರುವುದು ಹೇಗೆ? ಹೆಚ್ಚಾಗಿ ನಾವೇ ಬಾಗಿಲು ತೆಗೆಯುತ್ತೇವೆ. 2024ರಲ್ಲಿ ಹೀಗೊಂದು ಮೋಸ ನಡೆಯಿತು. ವಾಟ್ಸಾಪಿಗೆ ಮದುವೆ ಕರೆಯೋಲೆ ಬರುತ್ತಿತ್ತು. ಒತ್ತಿದರೆ ಕರೆಯೋಲೆ ತೆರೆಯುತ್ತಿರಲಿಲ್ಲ. ಕಳ್ಳ ಆಪ್ ಒಳಗೆ ಇಳಿಯುತ್ತಿತ್ತು. ಹಿಮಾಚಲ ಪ್ರದೇಶದ ಪೊಲೀಸರು ಆಗ ಜನರಿಗೆ ಎಚ್ಚರಿಕೆ ಕೊಟ್ಟರು. ಇಂಥ ಫೈಲಿನ ಹೆಸರಿನ ಕೊನೆಗೆ 'ಎಪಿಕೆ' ಎಂಬ ಮೂರು ಇಂಗ್ಲಿಷ್ ಅಕ್ಷರ ಇರುತ್ತದೆ. ಆ ಮೂರು ಅಕ್ಷರ ಕಂಡರೆ ಒತ್ತಬೇಡಿ.

ತೆಗೆದ ಮೇಲೆ ನೆಟ್ ಯಾಕೆ ನಿಲ್ಲುತ್ತದೆ?

ಇದಕ್ಕೆ ಮುಖ್ಯವಾಗಿ ಮೂರು ಕಾರಣ.

ಒಂದು: ನಡುವಿನ ದಲ್ಲಾಳಿ. ರಾಂಪುರದಿಂದ ಶೇಂಗಾ ಚೀಲ ಚಳ್ಳಕೆರೆ ಮಂಡಿಗೆ ಹೋಗಬೇಕು. ಒಬ್ಬ ಮೋಸದ ದಲ್ಲಾಳಿ ಬಂದ. "ಎಲ್ಲಾ ಗಾಡಿ ನನ್ನ ಗೋದಾಮಿನ ಮೇಲೇ ಹೋಗಬೇಕು" ಅಂತ ಗಾಡಿಯವರಿಗೆ ಹೇಳಿಕೊಟ್ಟ. ಗೋದಾಮಿನಲ್ಲಿ ಪ್ರತಿ ಚೀಲ ಬಿಚ್ಚಿ ನೋಡಿದ. ಒಂದು ದಿನ ಊರವರು ಅವನನ್ನು ಓಡಿಸಿದರು. ಗೋದಾಮಿಗೆ ಬೀಗ ಬಿತ್ತು. ಆದರೆ ಗಾಡಿಯವರಿಗೆ ಹೊಸ ದಾರಿ ಯಾರೂ ಹೇಳಲಿಲ್ಲ. ಗಾಡಿಗಳು ಬೀಗ ಹಾಕಿದ ಬಾಗಿಲ ಮುಂದೆ ನಿಂತೇ ಇವೆ. ನೆಟ್ ಕತೆಯೂ ಇಷ್ಟೇ. ಕಳ್ಳ ಹೋದ. ಅವನು ಮಾಡಿಟ್ಟ ದಾರಿ ಉಳಿಯಿತು. ಈ ನಡುವಿನ ದಾರಿಗೆ 'ಪ್ರಾಕ್ಸಿ' ಎಂಬ ಹೆಸರಿದೆ.

ಎರಡು: ತಪ್ಪು ವಿಳಾಸ. ನಾವು ಊರನ್ನು ಹೆಸರಿನಿಂದ ಗುರುತಿಸುತ್ತೇವೆ. ನೆಟ್ಟಿನಲ್ಲಿ ಪ್ರತಿ ಜಾಗಕ್ಕೂ ಒಂದು ನಂಬರ್ ಇರುತ್ತದೆ. ಹೆಸರು ಕೊಟ್ಟರೆ ನಂಬರ್ ಹುಡುಕಿ ಕೊಡುವ ವ್ಯವಸ್ಥೆ ಒಂದಿದೆ. ಅದಕ್ಕೆ 'ಡಿಎನ್‌ಎಸ್' ಎನ್ನುತ್ತಾರೆ. ದಾರಿ ಕೇಳಿದರೆ ಹೇಳುವ ಹಿರಿಯರ ಹಾಗೆ ಅದು. ಕಳ್ಳ ಆಪ್ ಆ ಜಾಗದಲ್ಲಿ ತನ್ನವರನ್ನು ಕೂರಿಸಿದ್ದರೆ, ಅವರು ಎದ್ದು ಹೋದ ಮೇಲೆ ದಾರಿ ಹೇಳುವವರೇ ಇಲ್ಲ.

ಮೂರು: ಅತಿಯಾದ ಕಾವಲು. ಹೊಲಕ್ಕೆ ಹೊಸ ಕಾವಲುಗಾರನನ್ನು ಇಟ್ಟೆವು. ಅವನಿಗೆ ಮನೆಯವರ ಗುರುತು ಇಲ್ಲ. ಕಳ್ಳರ ಜೊತೆ ನಮ್ಮನ್ನೂ ತಡೆದ. ಫೋನು ಕಾಯಲು ಹಾಕಿದ ಆಪ್ ಕೂಡ ಕೆಲವೊಮ್ಮೆ ಹೀಗೆ ಮಾಡುತ್ತದೆ. ಒಳ್ಳೆಯ ಆಪ್‌ಗಳಿಗೂ ನೆಟ್ ಬಿಡುವುದಿಲ್ಲ.

ದೇಶ ದೇಶಗಳಲ್ಲಿ ನಡೆದದ್ದು

ಇದು ಬರೀ ನಮ್ಮ ಊರಿನ ತೊಂದರೆ ಅಲ್ಲ. ಹಿಂದೆ 'ಡಿಎನ್‌ಎಸ್ ಚೇಂಜರ್' ಎಂಬ ಕಳ್ಳ ಸಾಫ್ಟ್‌ವೇರ್ ಇತ್ತು. ಅದು 100ಕ್ಕೂ ಹೆಚ್ಚು ದೇಶಗಳ ಸುಮಾರು 40 ಲಕ್ಷ ಕಂಪ್ಯೂಟರ್‌ಗಳಿಗೆ ಸೇರಿಕೊಂಡಿತ್ತು. ಎಲ್ಲಾ ಕಂಪ್ಯೂಟರಿನಲ್ಲೂ ದಾರಿ ಹೇಳುವ ವಿಳಾಸವನ್ನೇ ಬದಲಿಸಿತ್ತು. 2011ರ ನವೆಂಬರಿನಲ್ಲಿ ಎಸ್ಟೋನಿಯಾ ದೇಶದಲ್ಲಿ ಕಳ್ಳರು ಸಿಕ್ಕಿಬಿದ್ದರು.

ಆಗ ಒಂದು ಸಮಸ್ಯೆ ಬಂತು. ಕಳ್ಳರ ಯಂತ್ರ ನಿಲ್ಲಿಸಿದರೆ ಲಕ್ಷಾಂತರ ಜನರ ನೆಟ್ ಒಮ್ಮೆಗೇ ನಿಲ್ಲುತ್ತದೆ! ಅದಕ್ಕೆ ಅಮೆರಿಕದ ನ್ಯಾಯಾಲಯ ಆ ಜಾಗದಲ್ಲಿ ಒಳ್ಳೆಯ ಯಂತ್ರಗಳನ್ನು ಇಡಿಸಿತು. ಜನ ತಮ್ಮ ಕಂಪ್ಯೂಟರ್ ಸರಿಮಾಡಿಕೊಳ್ಳಲು ಸಮಯ ಕೊಟ್ಟಿತು. 2012ರ ಜುಲೈ 9ಕ್ಕೆ ಆ ಯಂತ್ರಗಳನ್ನು ನಿಲ್ಲಿಸಿದರು. ಅಷ್ಟರೊಳಗೆ ವಿಳಾಸ ತಿದ್ದದವರಿಗೆ ನೆಟ್ ಹೋಯಿತು.

ಇದರಿಂದ ನಾವು ಕಲಿಯುವುದೇನು? ಕಳ್ಳನನ್ನು ಓಡಿಸಿದರೆ ಸಾಲದು. ಅವನು ಕೆಡಿಸಿದ ದಾರಿಯನ್ನೂ ಸರಿ ಮಾಡಬೇಕು.

ಒಂದೊಂದಾಗಿ ನೋಡೋಣ

ನಮ್ಮ ಮೊಳಕಾಲ್ಮುರು ರೇಷ್ಮೆ ಸೀರೆಗೆ ಹೆಸರು. ಮಗ್ಗದಲ್ಲಿ ಹಾಸಿನ ಎಳೆ ಕಡಿದರೆ ನೇಕಾರರು ಮಗ್ಗ ಬಿಸಾಕುತ್ತಾರಾ? ಇಲ್ಲ. ಕಡಿದ ಎಳೆ ಯಾವುದು ಅಂತ ಹುಡುಕುತ್ತಾರೆ. ಗಂಟು ಹಾಕುತ್ತಾರೆ. ನಾವೂ ಹಾಗೇ ಮಾಡೋಣ.

1. ಪಕ್ಕದ ಮನೆಯವರನ್ನು ಕೇಳಿ. ನಿಮ್ಮದೇ ಕಂಪನಿಯ ಸಿಮ್ ಇರುವ ಬೇರೆ ಫೋನಿನಲ್ಲಿ ನೆಟ್ ಇದೆಯಾ? ಅಲ್ಲೂ ಇಲ್ಲ ಅಂದರೆ ಅದು ಟವರಿನ ತೊಂದರೆ ಇರಬಹುದು. ನಿಮ್ಮ ಫೋನು ಸರಿಯಾಗೇ ಇದೆ. ಸ್ವಲ್ಪ ಕಾಯಿರಿ.

2. ಪ್ಯಾಕ್ ನೋಡಿ. ರೀಚಾರ್ಜು ಮುಗಿದಿದ್ದರೂ ನೆಟ್ ಬರುವುದಿಲ್ಲ. ಮೊಬೈಲ್ ಡೇಟಾ ಆನ್ ಇದೆಯಾ ನೋಡಿ.

3. ಫೋನು ಪೂರ್ತಿ ಆಫ್ ಮಾಡಿ, ಮತ್ತೆ ಆನ್ ಮಾಡಿ. ಎಷ್ಟೋ ಸಲ ಇಷ್ಟರಲ್ಲೇ ಸರಿಹೋಗುತ್ತದೆ.

4. ಎಲ್ಲಾ ಆಪ್ ನಿಂತಿವೆಯಾ, ಒಂದೇ ಆಪ್ ನಿಂತಿದೆಯಾ? ಒಂದೇ ನಿಂತಿದ್ದರೆ ಕಾವಲು ಆಪ್ ತಡೆದಿರಬಹುದು. ಕಾವಲು ಆಪ್ ತೆರೆದು ತಡೆ ತೆಗೆಯಿರಿ.

5. ಫೋನಿನ ಮೇಲ್ಗಡೆ ಪುಟ್ಟ ಬೀಗದ ಕೈ ಚಿತ್ರ ಇದೆಯಾ? ಅದು 'ವಿಪಿಎನ್' ಗುರುತು. ಎಲ್ಲಾ ಫೋನಿನಲ್ಲೂ ಈ ಚಿತ್ರ ಕಾಣುವುದಿಲ್ಲ. ಸೆಟ್ಟಿಂಗ್ಸ್‌ನಲ್ಲಿ ವಿಪಿಎನ್ ಹುಡುಕಿ. ನೀವು ಹಾಕದ ಹೆಸರು ಅಲ್ಲಿದ್ದರೆ ತೆಗೆಯಿರಿ. 'ವಿಪಿಎನ್ ಇಲ್ಲದೆ ನೆಟ್ ಬಿಡಬೇಡ' ಎಂಬ ಅರ್ಥದ ಗುಂಡಿ ಅಲ್ಲಿರುತ್ತದೆ. ಅದು ಆನ್ ಇದ್ದರೆ ಆಫ್ ಮಾಡಿ.

6. 'ಪ್ರೈವೇಟ್ ಡಿಎನ್‌ಎಸ್' ನೋಡಿ. ಅಲ್ಲಿ ಗೊತ್ತಿಲ್ಲದ ಹೆಸರು ಬರೆದಿದ್ದರೆ ಅದನ್ನು ಬಿಟ್ಟು 'ಆಟೋಮ್ಯಾಟಿಕ್' ಆರಿಸಿ.

7. ವೈಫೈನಲ್ಲಿ ಮಾತ್ರ ತೊಂದರೆಯಾ? ಆ ವೈಫೈ ಹೆಸರು ಒತ್ತಿ 'ಪ್ರಾಕ್ಸಿ' ನೋಡಿ. 'ನನ್' ಅಂತ ಇರಬೇಕು. ನನ್ ಎಂದರೆ ಯಾವುದೂ ಇಲ್ಲ ಎಂದು ಅರ್ಥ. ಅಂದರೆ ನಡುವೆ ದಲ್ಲಾಳಿ ಇಲ್ಲ.

ಕಂಪನಿಗೊಂದು ಥರ ಫೋನು. ಈ ಗುಂಡಿಗಳು ಒಂದೇ ಕಡೆ ಇರುವುದಿಲ್ಲ. ಸೆಟ್ಟಿಂಗ್ಸ್ ತೆರೆದರೆ ಭೂತಗನ್ನಡಿ ಚಿತ್ರ ಕಾಣುತ್ತದೆ. ಅಲ್ಲಿ ಹೆಸರು ಬರೆದರೆ ಜಾಗ ಸಿಗುತ್ತದೆ. ಫೋನಿನ ಭಾಷೆಯನ್ನು ಕನ್ನಡಕ್ಕೂ ಬದಲಿಸಿಕೊಳ್ಳಬಹುದು. ಪರದೆ ಮೇಲೆ ಏನಾದರೂ ಬರಹ ಬಂದರೆ ತಕ್ಷಣ ಅಳಿಸಬೇಡಿ. ನಿಧಾನವಾಗಿ ಓದಿ. ತೊಂದರೆ ಏನು ಅಂತ ಫೋನೇ ಎಷ್ಟೋ ಸಲ ಹೇಳುತ್ತದೆ. ನಾವು ಅಕ್ಷರ ಕಲಿತದ್ದು ಇದಕ್ಕೂ ಹೌದು.

ಎರಡು ರೀಸೆಟ್: ಇಲ್ಲಿ ಎಚ್ಚರ!

ಇಷ್ಟಾದರೂ ನೆಟ್ ಬರಲಿಲ್ಲವೇ? 'ನೆಟ್‌ವರ್ಕ್ ರೀಸೆಟ್' ಮಾಡಬಹುದು. ಇದು ನೆಟ್ ದಾರಿಗಳನ್ನು ಮಾತ್ರ ಹೊಸದಾಗಿ ಹೊಂದಿಸುತ್ತದೆ. ವೈಫೈ ಪಾಸ್‌ವರ್ಡ್ ಮತ್ತೆ ಬರೆಯಬೇಕಾಗುತ್ತದೆ. ಫೋಟೋ, ಫೋನ್ ನಂಬರು, ಆಪ್ ಎಲ್ಲಾ ಹಾಗೇ ಇರುತ್ತವೆ.

ಅದೇ ಪಟ್ಟಿಯಲ್ಲಿ 'ಫ್ಯಾಕ್ಟರಿ ರೀಸೆಟ್' ಅಂತ ಇನ್ನೊಂದು ಇರುತ್ತದೆ. 'ಎಲ್ಲಾ ಡೇಟಾ ಅಳಿಸು' ಅಂತಲೂ ಇರಬಹುದು. ಇದು ಫೋನನ್ನೇ ಬರಿದು ಮಾಡುತ್ತದೆ. ಮಗಳ ಮದುವೆ ಫೋಟೋ, ಸಂಘದ ಲೆಕ್ಕದ ಚಿತ್ರ, ತೀರಿಹೋದವರ ದನಿ, ಫೋನಿನಲ್ಲಿ ಇದ್ದದ್ದೆಲ್ಲಾ ಹೋಗುತ್ತದೆ. ಬೇರೆ ಕಡೆ ತೆಗೆದಿಟ್ಟಿದ್ದರೆ ಮಾತ್ರ ಉಳಿಯುತ್ತದೆ. ಆದ್ದರಿಂದ ಎರಡೂ ಹೆಸರು ಓದಿ ಗುರುತು ಇಟ್ಟುಕೊಳ್ಳಿ. ಅಂಗಡಿಗೆ ಫೋನು ಕೊಡುವಾಗಲೂ ಕೇಳಿ: "ಅಣ್ಣಾ, ಯಾವ ರೀಸೆಟ್ ಮಾಡ್ತೀಯ? ಫೋಟೋ ಹೋಗುತ್ತಾ?" ಕೇಳುವುದು ನಮ್ಮ ಹಕ್ಕು.

ಕಳ್ಳ ಆಪ್ ಎಷ್ಟು ತೆಗೆದರೂ ಹೋಗದಿದ್ದರೆ ಫ್ಯಾಕ್ಟರಿ ರೀಸೆಟ್ ಬೇಕಾಗಬಹುದು. ಆದರೆ ಅದು ಕೊನೆಯ ದಾರಿ. ಬೇಕಾದ ಫೋಟೋ, ನಂಬರು ಮೊದಲು ಬೇರೆ ಕಡೆ ತೆಗೆದಿಡಿ.

ಕಂಪ್ಯೂಟರಿಗೂ ಇದೇ ಮಾತು. ಹಿಂದೆ ವಿಂಡೋಸ್ ಎಕ್ಸ್‌ಪಿ ಕಂಪ್ಯೂಟರಿನಲ್ಲಿ ಕಳ್ಳ ಸಾಫ್ಟ್‌ವೇರ್ ನೆಟ್ ಸರಪಳಿಯ ಕೊಂಡಿಯಾಗಿ ಕೂರುತ್ತಿತ್ತು. ಕಿತ್ತರೆ ಸರಪಳಿಯೇ ಕಡಿಯುತ್ತಿತ್ತು. 2004ರಲ್ಲಿ ಮೈಕ್ರೋಸಾಫ್ಟ್ ಕಂಪನಿ ಸರಪಳಿ ಮತ್ತೆ ಜೋಡಿಸುವ ಉಪಾಯವನ್ನು ಅದಕ್ಕೆ ಸೇರಿಸಿತು. ವಿಂಡೋಸ್ 10 ಮತ್ತು 11ರಲ್ಲಿ ನೆಟ್‌ವರ್ಕ್ ರೀಸೆಟ್ ಎಂಬ ಗುಂಡಿಯೇ ಇದೆ.

ಇವನ್ನು ಮಾಡಬೇಡಿ

ನೆಟ್ ಬರಲಿ ಅಂತ ತೆಗೆದ ಕಳ್ಳ ಆಪನ್ನೇ ಮತ್ತೆ ಹಾಕಬೇಡಿ. ನೆಟ್ ಬರಬಹುದು. ಅದರ ಜೊತೆ ಕಳ್ಳನೂ ಬರುತ್ತಾನೆ.

"ನಾನು ಕಂಪನಿಯಿಂದ ಮಾತಾಡ್ತಿದ್ದೀನಿ, ನೆಟ್ ಸರಿ ಮಾಡ್ತೀನಿ, ಓಟಿಪಿ ಹೇಳಮ್ಮ" ಅಂತ ಯಾರಾದರೂ ಕರೆ ಮಾಡಿದರೆ ಹೇಳಬೇಡಿ. ನೆಟ್ ರಿಪೇರಿಗೆ ಓಟಿಪಿ ಬೇಕಿಲ್ಲ. ಬ್ಯಾಂಕಿನ ಪಿನ್ ಅಂತೂ ಬೇಕೇ ಇಲ್ಲ.

'ನಿಮ್ಮ ಫೋನಿಗೆ ವೈರಸ್ ಬಂದಿದೆ, ಇಲ್ಲಿ ಒತ್ತಿ' ಅಂತ ಜಾಹೀರಾತು ಬಂದರೆ ಒತ್ತಬೇಡಿ. ಕಳ್ಳರೇ ಕಾವಲುಗಾರರ ವೇಷ ಹಾಕಿ ಬರುತ್ತಾರೆ. ಪ್ಲೇ ಸ್ಟೋರಿನ ಒಳಗೆ 'ಪ್ಲೇ ಪ್ರೊಟೆಕ್ಟ್' ಎಂಬ ಕಾವಲು ಇದೆ. ಅದನ್ನು ಆಫ್ ಮಾಡಬೇಡಿ. ಭಾರತ ಸರ್ಕಾರವೂ 2017ರಲ್ಲಿ 'ಸೈಬರ್ ಸ್ವಚ್ಛತಾ ಕೇಂದ್ರ' ಶುರು ಮಾಡಿದೆ. ಫೋನು, ಕಂಪ್ಯೂಟರ್ ಶುಚಿ ಮಾಡುವ ಸಾಧನಗಳನ್ನು ಅದು ಪುಕ್ಕಟೆ ಕೊಡುತ್ತದೆ.

ನೆಟ್ ಬಂದ ಮೇಲೆ

ನೆಟ್ ಬಂತು ಅಂತ ಸುಮ್ಮನಾಗಬೇಡಿ. ಕಳ್ಳ ಒಳಗಿದ್ದಾಗ ಏನೇನು ನೋಡಿದನೋ! ಬ್ಯಾಂಕಿನ ಪಿನ್, ಪಾಸ್‌ವರ್ಡ್ ಬದಲಿಸಿ. ವಾಟ್ಸಾಪಿನಲ್ಲಿ 'ಲಿಂಕ್ಡ್ ಡಿವೈಸಸ್' ನೋಡಿ. ಗೊತ್ತಿಲ್ಲದ ಯಂತ್ರ ಅಲ್ಲಿದ್ದರೆ ತೆಗೆಯಿರಿ. ಬ್ಯಾಂಕಿಗೆ ಹೋಗಿ ಪಾಸ್‌ಬುಕ್ ಎಂಟ್ರಿ ಮಾಡಿಸಿ. ಗೃಹಲಕ್ಷ್ಮಿ ಹಣ, ಸಂಘದ ಹಣ, ಶೇಂಗಾ ಮಾರಿದ ಹಣ ಸರಿಯಾಗಿ ಇದೆಯಾ, ಓದಿ ನೋಡಿ.

ಹಣ ಹೋಗಿದ್ದರೆ ತಡ ಮಾಡಬೇಡಿ. ಕೂಡಲೇ 1930ಕ್ಕೆ ಕರೆ ಮಾಡಿ. ಈ ಕರೆಗೆ ನೆಟ್ ಬೇಕಿಲ್ಲ. ಮಾಮೂಲಿ ಕರೆ ಹೋದರೆ ಸಾಕು. ಬೇಗ ಹೇಳಿದಷ್ಟೂ ಹಣ ತಡೆಯುವುದು ಸುಲಭ. ನಾಚಿಕೆ ಬೇಡ. ಮೋಸ ಮಾಡಿದವರು ನಾಚಬೇಕು, ಮೋಸ ಹೋದವರಲ್ಲ.

ಚರ್ಚೆ ಮಾಡೋಣ

* ನಿಮ್ಮ ಫೋನಿನಲ್ಲಿ ನೀವು ಹಾಕದ ಆಪ್ ಯಾವುದಾದರೂ ಇದೆಯಾ? ಸಂಘದ ಸಭೆಯಲ್ಲಿ ಒಬ್ಬರಿಗೊಬ್ಬರು ತೋರಿಸಿ ನೋಡಿ.
* ನೆಟ್‌ವರ್ಕ್ ರೀಸೆಟ್, ಫ್ಯಾಕ್ಟರಿ ರೀಸೆಟ್: ಎರಡಕ್ಕೂ ಏನು ವ್ಯತ್ಯಾಸ? ಪಕ್ಕದ ಅಕ್ಕನಿಗೆ ನಿಮ್ಮ ಮಾತಿನಲ್ಲೇ ಹೇಳಿ.
* 1930. ಈ ನಂಬರನ್ನು ನೋಟ್‌ಬುಕ್ಕಿನಲ್ಲಿ ಬರೆಯಿರಿ. ಮನೆಯ ಗೋಡೆಯ ಮೇಲೂ ಬರೆಯಿರಿ.

ಕಳ್ಳನನ್ನು ಓಡಿಸೋಣ. ದಾರಿಯನ್ನು ಸರಿ ಮಾಡೋಣ. ಓದಿ ನೋಡಿಯೇ ಗುಂಡಿ ಒತ್ತೋಣ.