ಮರುದನಿಯ ಅಳತೆ: ತೇನಿ ಸೀಮೆಯ ಬಾವಲಿಗಳು

ತಮಿಳುನಾಡಿನ ತೇನಿ ಜಿಲ್ಲೆಯ ಕಂಬಂ ಕಣಿವೆಗೆ ಪಡುವಣದಲ್ಲಿ ಕೇರಳದ ಗಡಿಯ ಬೆಟ್ಟಸಾಲು, ಮೂಡಣದಲ್ಲಿ ಮೇಘಮಲೆ. ನಡುವೆ ಗದ್ದೆ, ತೆಂಗು, ದ್ರಾಕ್ಷಿಯ ತೋಟಗಳು. ಕನ್ನಡವನ್ನು ಮನೆಮಾತಾಗಿ ಉಳಿಸಿಕೊಂಡ ಒಕ್ಕಲಿಗ, ಕಪ್ಪಿಲಿಯ ಕುಟುಂಬಗಳು ತಲೆಮಾರುಗಳಿಂದ ನೆಲೆಸಿರುವ ಸೀಮೆ ಇದು. ತಮಿಳಿನ ‘ವವ್ವಾಲ್’ ಮತ್ತು ಕನ್ನಡದ ‘ಬಾವಲಿ’ ಒಂದೇ ಮೂಲದ ಪದಗಳು. ತಮಿಳಿನ ಪದಾದಿಯ ವಕಾರಕ್ಕೆ ಕನ್ನಡದಲ್ಲಿ ಬಕಾರ ಬರುವುದನ್ನು ವಿಲ್–ಬಿಲ್ಲು, ವೇರ್–ಬೇರು ಎಂಬ ಜೋಡಿಗಳಲ್ಲಿಯೂ ಕಾಣಬಹುದು. ಹೆಸರು ಒಂದೇ ಆದರೂ, ಆ ಹೆಸರಿನಡಿ ಬರುವ ಪ್ರಾಣಿಗಳು ಇರುಳಿನಲ್ಲಿ ದಾರಿಯನ್ನೂ ಆಹಾರವನ್ನೂ ಅರಸುವ ಬಗೆ ಒಂದೇ ಅಲ್ಲ. ಅವುಗಳನ್ನು ಉಳಿಸುವ ಪ್ರಯತ್ನಕ್ಕೆ ಈ ಭೇದದ ಅರಿವು ಅಗತ್ಯ.

ಶಬ್ದವು ಗಾಳಿಯಲ್ಲಿ ಸೆಕೆಂಡಿಗೆ ಸುಮಾರು 340 ಮೀಟರ್ ವೇಗದಲ್ಲಿ ಸಾಗುತ್ತದೆ. ಹೊರಟ ದನಿ ವಸ್ತುವೊಂದಕ್ಕೆ ತಾಗಿ 10 ಮಿಲಿಸೆಕೆಂಡಿನಲ್ಲಿ ಹಿಂದಿರುಗಿದರೆ, ಅದು ಹೋಗಿ ಬಂದ ದಾರಿ 3.4 ಮೀಟರ್, ಆದ್ದರಿಂದ ವಸ್ತು ಇರುವುದು 1.7 ಮೀಟರ್ ದೂರದಲ್ಲಿ. ದೂರವನ್ನು ಹೀಗೆ ಕಾಲವೇ ತಿಳಿಸುತ್ತದೆ. ದಿಕ್ಕನ್ನು ತಿಳಿಸುವುದು ಎರಡು ಕಿವಿಗಳಿಗೆ ಮರುದನಿ ತಲುಪುವುದರಲ್ಲಿನ ಹೊತ್ತಿನ ಹಾಗೂ ತೀವ್ರತೆಯ ಅಂತರ. ಆದರೆ ಎಲ್ಲ ದನಿಯೂ ಈ ಕೆಲಸಕ್ಕೆ ಒದಗದು. ಸೆಕೆಂಡಿಗೆ 1,000 ಕಂಪನಗಳ ದನಿಯ ಅಲೆಯುದ್ದ ಸುಮಾರು 34 ಸೆಂಟಿಮೀಟರ್. ಅದು ಚಿಕ್ಕ ಪತಂಗವನ್ನು ಬಳಸಿಕೊಂಡು ಮುಂದೆ ಸಾಗುತ್ತದೆ, ಗುರುತಿಸಬಲ್ಲ ಮರುದನಿ ಏಳುವುದಿಲ್ಲ. ಕಂಪನ 50,000ಕ್ಕೆ ಏರಿದರೆ ಅಲೆಯುದ್ದ 7 ಮಿಲಿಮೀಟರಿಗೆ ಇಳಿಯುತ್ತದೆ. ಆಗ ಪತಂಗವೂ ಮರುದನಿ ಕೊಡುತ್ತದೆ. ಮನುಷ್ಯನ ಕಿವಿಯ ಮಿತಿ ಸುಮಾರು 20,000 ಕಂಪನಗಳಾದ್ದರಿಂದ ಕೀಟಭಕ್ಷಕ ಬಾವಲಿಗಳ ಈ ಕೂಗು ಬಹುಮಟ್ಟಿಗೆ ನಮಗೆ ಕೇಳಿಸದು. ಸೂಕ್ಷ್ಮತೆಗೆ ತೆರಬೇಕಾದ ಬೆಲೆಯೂ ಇದೆ: ಗಾಳಿಯು ಉನ್ನತ ಕಂಪನದ ದನಿಯನ್ನು ಬೇಗ ಹೀರಿಕೊಳ್ಳುವುದರಿಂದ ಸಣ್ಣ ಕೀಟವನ್ನು ಕೆಲವೇ ಮೀಟರುಗಳ ಆಚೆಗೆ ಪತ್ತೆಹಚ್ಚಲಾಗದು.

1790ರ ದಶಕದಲ್ಲಿ ಇಟಲಿಯ ಲಾಜರೊ ಸ್ಪಲ್ಲಾಂಜಾನಿ, ಕಣ್ಣು ಕಳೆದುಕೊಂಡ ಬಾವಲಿಯೂ ತಡೆಗಳನ್ನು ತಪ್ಪಿಸಿ ಹಾರುವುದನ್ನು ಕಂಡಿದ್ದನು. ಕಿವಿ ಮುಚ್ಚಿದರೆ ಅದು ದಾರಿ ತಪ್ಪುತ್ತದೆಂಬುದನ್ನು ಜಿನೀವಾದ ಲೂಯಿ ಜುರಿನ್ ತೋರಿಸಿದನು. ಕೇಳಿಸದ ಕೂಗನ್ನು ಹಿಡಿಯುವ ಯಂತ್ರ ದೊರೆತದ್ದು ಮಾತ್ರ 1938ರಲ್ಲಿ, ಹಾರ್ವರ್ಡಿನಲ್ಲಿ ಡೊನಾಲ್ಡ್ ಗ್ರಿಫಿನ್ ನಡೆಸಿದ ಪ್ರಯೋಗಗಳಿಗೆ.

ಕೂಗಿ ಕೇಳುವುದೊಂದೇ ಉಪಾಯವಲ್ಲ. ತೇನಿಗೆ ಸಮೀಪದ ಮದುರೈ ಕಾಮರಾಜ್ ವಿಶ್ವವಿದ್ಯಾಲಯದಲ್ಲಿ ಜಿ. ಮಾರಿಮುತ್ತು ಮೆಗಾಡರ್ಮಾ ಲೈರಾ ಎಂಬ ಬಾವಲಿಯ ಬೇಟೆಯನ್ನು ಅಭ್ಯಸಿಸಿದರು. ಕಪ್ಪೆ ಕುಪ್ಪಳಿಸಿದಾಗ ಅದು ಎರಗುತ್ತಿತ್ತು. ಕದಲದೆ ಕುಳಿತ ಕಪ್ಪೆಯ ಗೊಡವೆಗೆ ಹೋಗುತ್ತಿರಲಿಲ್ಲ. ಮರುದನಿಯ ಸಾಮರ್ಥ್ಯವಿದ್ದರೂ ನೆಲದ ಮೇಲಿನ ಬೇಟೆಯನ್ನು ಅದು ಗುರುತಿಸುವುದು ಆ ಬೇಟೆಯೇ ಎಬ್ಬಿಸುವ ಸದ್ದಿನಿಂದ.

ಮೂರನೆಯ ಬಗೆಯ ಬಾವಲಿಯಿಂದಲೇ ತೇನಿ ಪ್ರಾಣಿಶಾಸ್ತ್ರದಲ್ಲಿ ಹೆಸರಾಗಿದೆ. 1948ರಲ್ಲಿ ಮೇಘಮಲೆಯಲ್ಲಿ ಆಂಗಸ್ ಹಟನ್ ಸಂಗ್ರಹಿಸಿದ ಬಾವಲಿಯೊಂದು ಮುಂಬಯಿಯ ನ್ಯಾಚುರಲ್ ಹಿಸ್ಟರಿ ಸೊಸೈಟಿಯಲ್ಲಿ ಸಾಮಾನ್ಯ ಹಣ್ಣುಬಾವಲಿಯೆಂಬ ಗುರುತುಚೀಟಿ ಹೊತ್ತು ಉಳಿದಿತ್ತು. ಅದು ಪ್ರತ್ಯೇಕ ಕುಲವೇ ಎಂದು ಥಾಯ್ಲೆಂಡಿನ ಕಿಟ್ಟಿ ಥಾಂಗ್‌ಲಾಂಗ್ಯಾ 1972ರಲ್ಲಿ ನಿರ್ಣಯಿಸಿ, ಸಲೀಂ ಅಲಿಯವರ ಗೌರವಾರ್ಥ ಲ್ಯಾಟಿಡೆನ್ಸ್ ಸಲೀಮಲಿ ಎಂದು ಹೆಸರಿಟ್ಟರು. ಗಂಟಲಿನಿಂದ ಕೂಗು ಹೊರಡಿಸಿ ಮರುದನಿಯಿಂದ ದಾರಿ ಅಳೆಯುವ ಕ್ರಮ ಹಣ್ಣುಬಾವಲಿಗಳ ಕುಟುಂಬದಲ್ಲಿ ಇಲ್ಲ. ಗುಹೆಗಳಲ್ಲಿ ನೆಲೆಸುವ ರೂಸೆಟಸ್ ಜಾತಿ ನಾಲಗೆಯನ್ನು ಲೊಟಗುಟ್ಟಿಸಿ ಮರುದನಿ ಪಡೆಯುತ್ತದೆ; ಉಳಿದವು ಮುಖ್ಯವಾಗಿ ಕಣ್ಣು, ಮೂಗುಗಳನ್ನು ನಂಬಿ ಅತ್ತಿಯಂಥ ಹಣ್ಣುಗಳನ್ನು ಹುಡುಕುತ್ತವೆ.

ಈ ಭೇದದ ಪರಿಣಾಮ ಗಣನೆಯ ಕೆಲಸದಲ್ಲಿ ಕಾಣುತ್ತದೆ. ಬೆಳಗಾವಿ ಜಿಲ್ಲೆಯ ಬಾರಾಪೇಡೆ ಗುಹೆಯ ರಾಟನ್ ಬಾವಲಿ ಕೀಟಭಕ್ಷಕ. ಅದರ ಕೂಗನ್ನು ಯಂತ್ರದಲ್ಲಿ ದಾಖಲಿಸಿ ಜಾತಿಯನ್ನು ಗುರುತಿಸಬಹುದು. ಮೇಘಮಲೆಯ ಬಾವಲಿಗೆ ಅಂತಹ ಕೂಗಿಲ್ಲ. ಕಾಡಿನಲ್ಲಿ ರಾತ್ರಿಯಿಡೀ ಯಂತ್ರವಿರಿಸಿದರೂ ಅದು ಹಾದುಹೋದ ಸುಳಿವು ದೊರೆಯದು. ಬಲೆ ಕಟ್ಟಬೇಕು, ತಂಗುದಾಣಗಳನ್ನು ಅರಸಬೇಕು, ಹಣ್ಣಿನ ಮರಗಳ ಬಳಿ ಕಾಯಬೇಕು. ಯಂತ್ರದ ದಾಖಲೆಯೊಂದನ್ನೇ ನೆಚ್ಚಿದರೆ, ಇರುವ ಪ್ರಾಣಿಯನ್ನು ಇಲ್ಲವೆಂದು ಬರೆದಂತಾಗುತ್ತದೆ; ಇಲ್ಲವೆಂದು ಬರೆದ ಕಾಡಿಗೆ ರಕ್ಷಣೆ ಕೋರುವುದು ಕಷ್ಟ.

ಕಾನೂನಿನ ಇತಿಹಾಸವೂ ಈ ಎಚ್ಚರವನ್ನು ಬೇಡುತ್ತದೆ. ಈ ಪ್ರಭೇದಕ್ಕೆ ಹೆಸರು ದೊರೆತ 1972ರಲ್ಲಿಯೇ ಬಂದ ವನ್ಯಜೀವಿ ಸಂರಕ್ಷಣಾ ಕಾಯ್ದೆಯು ಹಣ್ಣುಬಾವಲಿಗಳನ್ನು ಇಲಿ, ಕಾಗೆಗಳೊಂದಿಗೆ ಪೀಡಕಗಳ ಪಟ್ಟಿಯಲ್ಲಿ ಇರಿಸಿತ್ತು. ಮೇಘಮಲೆಯ ಬಾವಲಿ ಹಾಗೂ ಬಾರಾಪೇಡೆಯ ಬಾವಲಿ ಎರಡನ್ನೂ ಬಳಿಕ ಗರಿಷ್ಠ ರಕ್ಷಣೆಯ ಮೊದಲ ಅನುಸೂಚಿಗೆ ಸೇರಿಸಲಾಯಿತು. ಆದರೆ ತೋಟದಂಚಿನಲ್ಲಿ ಹಾರುವ ಹಣ್ಣುಬಾವಲಿ ಯಾವುದೆಂದು ದೂರದಿಂದ ಹೇಳುವುದು ಸುಲಭವಲ್ಲ. ವಸ್ತುಸಂಗ್ರಹದಲ್ಲಿಯೇ ಅದು 24 ವರ್ಷ ತಪ್ಪು ಹೆಸರಿನಲ್ಲಿತ್ತು. ಆದ್ದರಿಂದ ಆ ಪ್ರಭೇದದ ಅಳಿವು ಉಳಿವು ಎಲ್ಲ ಹಣ್ಣುಬಾವಲಿಗಳ ಬಗೆಗಿನ ಜನರ ನಡವಳಿಕೆಯನ್ನೂ, ಕಾಫಿ, ಏಲಕ್ಕಿ ತೋಟಗಳ ನಡುವೆ ಉಳಿದ ಹಳೆಯ ಮರಗಳನ್ನೂ ಅವಲಂಬಿಸಿದೆ.