ಚಂದ್ರವಳ್ಳಿಯ ಬಂಡೆ, ಗಾಳಿಗುಡ್ಡದ ತಂತಿ

ಚಿತ್ರದುರ್ಗದ ಪೇಟೆ ದಾಟಿ ಚಂದ್ರವಳ್ಳಿಯ ಹಾದಿ ಹಿಡಿದರೆ ಬಸ್ಸುಗಳ ಹಾರನ್ ಸದ್ದು ಬಂಡೆಗಳ ಆಚೆಗೇ ಉಳಿದುಬಿಡುತ್ತದೆ. ಕೋಟೆಯ ಬೆಟ್ಟ, ಕಿರುಬನಕಲ್ಲು, ಚೋಳಗುಡ್ಡ ಈ ಮೂರರ ನಡುವೆ ತಗ್ಗಿನಲ್ಲಿ ಕಣಿವೆ, ಕಣಿವೆಯ ಮಡಿಲಲ್ಲಿ ಕೆರೆ. ಬೆಳಗಿನ ಹೊತ್ತು ಊರವರು ಇಲ್ಲಿಗೆ ನಡೆಯಲು ಬರುತ್ತಾರೆ. ಹೊರಗಿನಿಂದ ಬಂದವರು ಟಾರ್ಚು ಹಿಡಿದು ಅಂಕಲಿ ಮಠದ ಗವಿಗೆ ಇಳಿಯುತ್ತಾರೆ. ಮೆಟ್ಟಿಲು ಇಳಿದಂತೆ ಹಗಲು ಹಿಂದೆ ಸರಿದು, ಕಲ್ಲಿನ ತಂಪು ಮೈಗೆ ತಾಗುತ್ತದೆ. ಕೋಣೆಯೊಳಗೆ ಕೋಣೆ. ಕೈಯಲ್ಲಿನ ಬೆಳಕು ಆರಿಸಿದರೆ ಪಕ್ಕದಲ್ಲಿರುವವರ ಮುಖವೂ ಕಾಣದು.

ಚಂದ್ರವಳ್ಳಿಗೆ ಹೋದವರು ನೋಡಲೇಬೇಕಾದದ್ದು ಭೈರವೇಶ್ವರ ಗುಡಿಯ ಬಳಿಯ ಬಂಡೆಯನ್ನು. ಅದರ ಮೇಲಿನ ಪುಟ್ಟ ಶಾಸನ ಅವಸರದ ಕಣ್ಣಿಗೆ ಬೀಳುವುದಿಲ್ಲ. ಸವೆದ ಅಕ್ಷರಗಳು ಕಲ್ಲಿನ ಗೀರುಗಳ ಜೊತೆ ಬೆರೆತುಹೋಗಿವೆ. 1929ರಲ್ಲಿ ಮೈಸೂರು ಪುರಾತತ್ವ ಇಲಾಖೆಯ ಡಾ. ಎಂ.ಎಚ್. ಕೃಷ್ಣ ಇದನ್ನು ಬೆಳಕಿಗೆ ತಂದರು. ಬ್ರಾಹ್ಮಿ ಲಿಪಿ, ಪ್ರಾಕೃತ ಭಾಷೆ, ನಾಲ್ಕನೇ ಶತಮಾನ. ಹೇಳುವ ಸಂಗತಿ ಇಷ್ಟೇ: ಕದಂಬರ ಮಯೂರಶರ್ಮ ಇಲ್ಲಿ ಕೆರೆ ಕಟ್ಟಿಸಿದ. ಕೃಷ್ಣ ಅವರ ಓದಿನಂತೆ ಪಲ್ಲವ, ಆಭೀರ ಮೊದಲಾದವರ ಹೆಸರುಗಳೂ ಅದರಲ್ಲಿವೆ. ಕನ್ನಡ ನಾಡಿನ ಮೊದಲ ಸ್ವತಂತ್ರ ರಾಜಮನೆತನದ ಮೂಲಪುರುಷ ಈ ಕಣಿವೆಯಲ್ಲಿ ಬಿಟ್ಟುಹೋದ ಗುರುತು ಅರಮನೆಯಲ್ಲ, ಕೆರೆ.

ಅವನಿಗೂ ಮುಂಚೆ ಇಲ್ಲಿ ಊರಿತ್ತು. ಅಗೆತಗಳಲ್ಲಿ ಶಾತವಾಹನರ ನಾಣ್ಯಗಳ ಜೊತೆಗೆ ರೋಮ್‌ನ ಅಗಸ್ಟಸ್, ಟೈಬೀರಿಯಸ್ ಕಾಲದ ಬೆಳ್ಳಿ ನಾಣ್ಯಗಳೂ ಸಿಕ್ಕಿವೆ. 1947ರಲ್ಲಿ ಮಾರ್ಟಿಮರ್ ವೀಲರ್ ಬ್ರಹ್ಮಗಿರಿಯ ಜೊತೆಗೆ ಇಲ್ಲಿಯೂ ಅಗೆದರು. ಈ ನೆಲದಲ್ಲಿ ಎಲ್ಲಿ ಗುದ್ದಲಿ ಇಟ್ಟರೂ ಯಾರದೋ ಬದುಕಿಗೆ ತಾಗುತ್ತದೆ.

ಈಗ ಕೋಟೆ ಹತ್ತಿ ಸುತ್ತ ನೋಡಿ. ಗುಡ್ಡಗಳ ನೆತ್ತಿಯ ಮೇಲೆ ಗಾಳಿಯಂತ್ರಗಳ ಬಿಳಿ ರೆಕ್ಕೆಗಳು ತಿರುಗುತ್ತಿವೆ. ಪವನ ವಿದ್ಯುತ್ತಿಗೆ ಚಿತ್ರದುರ್ಗ ಹೆಸರಾದ ಜಿಲ್ಲೆ. ಮುಂಗಾರಿನ ಗಾಳಿ ಬೀಸುವ ತಿಂಗಳುಗಳೇ ಇವಕ್ಕೆ ಸುಗ್ಗಿ. ಕಲ್ಲಿದ್ದಲು ಸುಡದ ವಿದ್ಯುತ್ತು ನಮಗೆ ಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಗುಡ್ಡದ ಮೇಲೆ ಹುಟ್ಟಿದ ವಿದ್ಯುತ್ತು ಗುಡ್ಡದಲ್ಲೇ ಉಳಿಯುವುದಿಲ್ಲ. ದೂರ ಸಾಗುವಾಗ ನಷ್ಟ ಕಡಿಮೆಯಾಗಲು ಅದರ ಒತ್ತಡವನ್ನು, ಅಂದರೆ ವೋಲ್ಟೇಜನ್ನು, ಏರಿಸಬೇಕು. ಒತ್ತಡ ಏರಿದಷ್ಟೂ ಟವರು ಎತ್ತರವಾಗುತ್ತದೆ, ತಂತಿಯ ದಾರಿ ಅಗಲವಾಗುತ್ತದೆ. 400 ಕೆ.ವಿ. ಮಾರ್ಗಕ್ಕೆ ಬೇಕಾದ ಪಟ್ಟಿಯ ಅಗಲ ಸಾಮಾನ್ಯವಾಗಿ 46 ಮೀಟರ್.

ಆ 46 ಮೀಟರ್ ಎಂದರೆ ಏನೆಂದು ತೋಟದವರನ್ನು ಕೇಳಬೇಕು. ತಂತಿಯಡಿ ಶೇಂಗಾ ಬಿತ್ತಬಹುದು, ರಾಗಿ ಬೆಳೆಯಬಹುದು. ತೆಂಗು, ಅಡಿಕೆ ನಿಲ್ಲುವಂತಿಲ್ಲ. ಹೊಸದುರ್ಗ, ಹೊಳಲ್ಕೆರೆ ಸೀಮೆಯಲ್ಲಿ ಬೋರ್‌ವೆಲ್ ಮೇಲೆ ಬೋರ್‌ವೆಲ್ ಕೊರೆಸಿ, ಬೇಸಿಗೆಯಲ್ಲಿ ಟ್ಯಾಂಕರ್ ನೀರು ಹೊಯ್ದು ಉಳಿಸಿಕೊಂಡ ಮರಗಳವು. ಅಳತೆಗಾರರ ನಕ್ಷೆಯಲ್ಲಿ ಅವು ಒಂದು ಸಂಖ್ಯೆ, ಮನೆಯವರಿಗೆ ಒಂದೊಂದೂ ಲೆಕ್ಕವಿಟ್ಟು ಸಾಕಿದ ಮರ. ಜಡಿಮಳೆಯಲ್ಲಿ ಅಂಥ ತಂತಿಯ ಕೆಳಗೊಮ್ಮೆ ನಿಂತರೆ ತಲೆಯ ಮೇಲೆ ಬಾಣಲೆಯಲ್ಲಿ ಎಣ್ಣೆ ಚಟಪಟಗುಟ್ಟಿದ ಸದ್ದು ಕೇಳುತ್ತದೆ. ಅದರಡಿ ಉಳುವ ರೈತನಿಗೆ ಅದು ಪ್ರತಿ ಮಳೆಗಾಲದ ಸದ್ದು.

ಈ ನೋವು ಕೊಡಗಿಗೆ ಚೆನ್ನಾಗಿ ಗೊತ್ತು. ಮೈಸೂರು–ಕೋಯಿಕ್ಕೋಡ್ 400 ಕೆ.ವಿ. ಮಾರ್ಗ ಕಾಫಿ ತೋಟ, ಕಾಡುಗಳನ್ನು ಸೀಳಿಕೊಂಡು ಬರುವುದನ್ನು ಕೊಡಗು ವನ್ಯಜೀವಿ ಸಂಘ ಬಹುಕಾಲ ವಿರೋಧಿಸಿತು. ಕೊನೆಗೆ ಸಾವಿರಾರು ಮರಗಳು ಉರುಳಿ ಮಾರ್ಗ ಮುಗಿಯಿತು. ಈಚಿನ ವರ್ಷಗಳಲ್ಲಿ ಉಡುಪಿ–ಕಾಸರಗೋಡು 400 ಕೆ.ವಿ. ಮಾರ್ಗದ ಟವರು ಕೆಲಸಕ್ಕೆ ಕಾರ್ಕಳ ತಾಲ್ಲೂಕಿನ ಇನ್ನಾ ಗ್ರಾಮದ ಜನ ಅಡ್ಡ ನಿಂತರು. ಹೀಗೆ ನಿಂತವರನ್ನು ಅಭಿವೃದ್ಧಿಯ ವಿರೋಧಿಗಳೆಂದು ಕರೆಯುವುದು ಸುಲಭ. ಅವರ ಮನೆಯಲ್ಲೂ ದೀಪ ಉರಿಯುತ್ತದೆ. ಅವರು ಕೇಳಿದ್ದು ಮಾರ್ಗ ಎಲ್ಲಿ ಹೋಗಬೇಕೆಂಬ ತೀರ್ಮಾನದಲ್ಲಿ ತಮ್ಮ ಮಾತಿಗೂ ಜಾಗ ಕೊಡಿ ಎಂದು.

ಕಾನೂನು ಆ ಜಾಗವನ್ನು ಕಿರಿದಾಗಿಸಿದೆ. ಟೆಲಿಗ್ರಾಫ್ ಕಂಬ ನೆಡಲೆಂದು ಬ್ರಿಟಿಷರು 1885ರಲ್ಲಿ ಮಾಡಿದ ಕಾಯ್ದೆಯ ಅಧಿಕಾರವನ್ನು 2003ರ ವಿದ್ಯುಚ್ಛಕ್ತಿ ಕಾಯ್ದೆಯ 164ನೇ ಕಲಂ ವಿದ್ಯುತ್ ಮಾರ್ಗಗಳಿಗೂ ಚಾಚಿತು. ಜಮೀನು ರೈತನ ಹೆಸರಿನಲ್ಲೇ ಇರುತ್ತದೆ, ಟವರು ಮಾತ್ರ ಅದರಲ್ಲಿ ನಿಲ್ಲುತ್ತದೆ. ಪರಿಹಾರದ ದರವನ್ನು ಕೇಂದ್ರ ಸರ್ಕಾರ 2024ರ ಮಾರ್ಗಸೂಚಿಯಲ್ಲಿ ಏರಿಸಿದ್ದು ಒಳ್ಳೆಯದೇ. ಆದರೆ ಹಣ ಬರುವುದು ದಾರಿ ನಿಗದಿಯಾದ ಮೇಲೆ.

ಸ್ಮಾರಕಗಳಿಗೂ ಇದೇ ಕಥೆ. ಕೇಂದ್ರ ಸಂರಕ್ಷಿತ ಸ್ಮಾರಕದಿಂದ 100 ಮೀಟರ್‌ವರೆಗೆ ಕಟ್ಟಡ ನಿಷಿದ್ಧ, ಅದರಾಚೆ 200 ಮೀಟರ್ ನಿರ್ಬಂಧಿತ. ಈ ಅಳತೆ ಕಲ್ಲನ್ನು ಕಾಯುತ್ತದೆ, ಕಣಿವೆಯ ನೋಟವನ್ನು ಕಾಯುವುದಿಲ್ಲ. ಚಂದ್ರವಳ್ಳಿಯ ಚೆಲುವಿರುವುದು ಮೂರು ಬೆಟ್ಟಗಳ ಅಂಚು ಆಕಾಶಕ್ಕೆ ತಾಗುವಲ್ಲಿ. ಆ ಅಂಚಿಗೆ ಸರ್ವೆ ನಂಬರೂ ಇಲ್ಲ, ಪರಿಹಾರದ ದರವೂ ಇಲ್ಲ.

ಹಾಗಾಗಿ ಚಿತ್ರದುರ್ಗದ ಗಾಳಿ ನಾಡಿಗೆ ಬೆಳಕು ಕೊಡಲಿ, ಆದರೆ ಮಾರ್ಗದ ಗೂಟ ಹೊಡೆಯುವ ಮೊದಲು ನಕ್ಷೆ ಗ್ರಾಮಸಭೆಯ ಜಮಖಾನೆಯ ಮೇಲೆ ಹರಡಲಿ. ಯಾವ ತೋಟ, ಯಾವ ಗುಡ್ಡ, ಯಾವ ಗುಡಿ ಎಂದು ಅಲ್ಲಿಯವರೇ ಬೆರಳಿಟ್ಟು ತೋರಿಸಲಿ. ಮಯೂರಶರ್ಮ ಕೆರೆ ಕಟ್ಟಿಸಿ, ಕಟ್ಟಿಸಿದವನು ತಾನೆಂದು ಹೆಸರು ಕೆತ್ತಿಸಿದ. ಇಂದಿನ ಟವರಿನ ಮೇಲಿರುವುದು ತಲೆಬುರುಡೆಯ ಚಿತ್ರ ಮತ್ತು ‘ಅಪಾಯ’ ಎಂಬ ಫಲಕ. ಊರಿನವರ ಜೊತೆ ಕೂತು ತೀರ್ಮಾನಿಸಿದ ಮಾರ್ಗವಾದರೆ, ಅದನ್ನು ಯಾರು ತಂದರು, ಯಾರು ಒಪ್ಪಿದರು ಎಂಬುದನ್ನೂ ಆ ಫಲಕದ ಪಕ್ಕದಲ್ಲೇ ಬರೆದು ಹಾಕಬಹುದು.